ಮೂರು ಸಲ ಗ್ಯಾಸ್ ತುಂಬಿಸಿದರೂ ಎಸಿ ತಂಪಾಗ್ತಿಲ್ಲ. ಏನು ಮಾಡಲಿ?

ಮೇಲ್ಮಹಡಿ

ಎಲ್ಲರಿಗೂ ನಮಸ್ಕಾರ. ನಮ್ಮ ಮಲಗುವ ಕೋಣೆಯಲ್ಲಿ ಒಂದೂವರೆ ಟನ್ನಿನ ಇನ್ವರ್ಟರ್ ಸ್ಪ್ಲಿಟ್ ಎಸಿ ಇದೆ. ಹಾಕಿಸಿ ನಾಲ್ಕು ವರ್ಷ ಆಯ್ತು. ಮೊದಲ ವರ್ಷ ಏನೂ ತೊಂದರೆ ಇರಲಿಲ್ಲ. ಆಮೇಲೆ ಪ್ರತಿ ವರ್ಷ ಒಂದೇ ಗೋಳು. ಸೆಖೆ ಶುರುವಾಗುತ್ತಿದ್ದಂತೆ ತಂಪು ಕಡಿಮೆಯಾಗುತ್ತದೆ. ರಿಪೇರಿಯವರು ಬರುತ್ತಾರೆ, ಒತ್ತಡ ಅಳೆಯುವ ಗೇಜ್ ಹಚ್ಚಿ ನೋಡುತ್ತಾರೆ, "ಗ್ಯಾಸ್ ಖಾಲಿಯಾಗಿದೆ" ಅನ್ನುತ್ತಾರೆ, ತುಂಬಿಸಿ ಹೋಗುತ್ತಾರೆ. ಕೆಲವು ತಿಂಗಳು ಚೆನ್ನಾಗಿರುತ್ತದೆ. ಮತ್ತೆ ಅದೇ.

ಈ ಸಲ ತುಂಬಿಸಿ ಎರಡೇ ತಿಂಗಳು. ಈಗಲೇ ಬರೀ ಫ್ಯಾನ್ ಗಾಳಿ ಬಂದ ಹಾಗೆ ಬರುತ್ತಿದೆ. ಬೆಳಿಗ್ಗೆ ಎದ್ದರೆ ಒಳಗಿನ ಯೂನಿಟ್ ಕೆಳಗೆ ನೆಲ ಒದ್ದೆ. ಅಮ್ಮನಿಗೆ ಆಪರೇಷನ್ ಆಗಿದೆ, ಅದೇ ಕೋಣೆಯಲ್ಲಿ ಮಲಗುತ್ತಾರೆ. ರಾತ್ರಿ ಎರಡು ಗಂಟೆಗೆ ಎದ್ದು ಕೂತು ಕತ್ತಿನ ಬೆವರು ಒರೆಸಿಕೊಳ್ಳುವುದನ್ನು ನೋಡಿದರೆ ಕರುಳು ಚುರ್ ಅನ್ನುತ್ತದೆ. ನಾಲ್ಕನೇ ಸಲ ಗ್ಯಾಸ್ ತುಂಬಿಸಲೋ, ಹೊಸ ಎಸಿ ತರಲೋ ತಿಳಿಯುತ್ತಿಲ್ಲ. ತಿಳಿದವರು ಹೇಳಿ.

ಎರಡು ಟನ್

ಮೇಲಿನ ಮಹಡಿ ಅಂದಮೇಲೆ ತಾರಸಿ ಬಿಸಿ ಜಾಸ್ತಿ ಇರುತ್ತದೆ. ಒಂದೂವರೆ ಟನ್ ಸಾಕಾಗುವುದಿಲ್ಲ. ಎರಡು ಟನ್ನಿಗೆ ಹೋಗಿಬಿಡಿ. ನಾನೂ ಹಾಗೇ ಮಾಡಿದ್ದು.

ಹಳೇ ಮೆಕ್ಯಾನಿಕ್

ಮೇಲ್ಮಹಡಿಯವರೇ, ದಯವಿಟ್ಟು ಸ್ವಲ್ಪ ತಡೆಯಿರಿ. ಹೊಸದನ್ನೂ ತರಬೇಡಿ, ಗ್ಯಾಸನ್ನೂ ತುಂಬಿಸಬೇಡಿ. ಇಪ್ಪತ್ತು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. "ಗ್ಯಾಸ್ ಖಾಲಿಯಾಗಿದೆ" ಅನ್ನುವ ಮಾತು ಕೇಳಿದಾಗಲೆಲ್ಲ ನನಗೆ ಬೇಜಾರಾಗುತ್ತದೆ.

ಗ್ಯಾಸ್ ಅಂದರೆ ಗಾಡಿಯ ಪೆಟ್ರೋಲ್ ಅಲ್ಲ. ಉರಿದು ಮುಗಿಯುವುದಿಲ್ಲ. ಬಾವಿಯಿಂದ ನೀರು ಸೇದುವ ಕೊಡ ಇದೆಯಲ್ಲ, ಅದರ ಹಾಗೆ ಅಂದುಕೊಳ್ಳಿ. ಕೊಡ ಕೆಳಗೆ ಹೋಗುತ್ತದೆ, ತುಂಬಿಕೊಂಡು ಮೇಲೆ ಬರುತ್ತದೆ, ಸುರಿದು ಮತ್ತೆ ಕೆಳಗೆ ಹೋಗುತ್ತದೆ. ಎಸಿಯಲ್ಲಿ ಗ್ಯಾಸ್ ಕೋಣೆಯ ಬಿಸಿಯನ್ನು ತುಂಬಿಕೊಂಡು ಹೊರಗೆ ಒಯ್ದು ಸುರಿಯುತ್ತದೆ. ಗ್ಯಾಸನ್ನು ಒತ್ತಿ ಸುತ್ತಿಸುವ ಕಂಪ್ರೆಸರ್ ರಾಟೆ ಇದ್ದ ಹಾಗೆ. ನೀರು ಸೇದಿದ್ದಕ್ಕೆ ಯಾರ ಮನೆಯ ಕೊಡವೂ ಖರ್ಚಾಗುವುದಿಲ್ಲ, ಅಲ್ವಾ? ತಾಮ್ರದ ಪೈಪಿನೊಳಗೆ ಮುಚ್ಚಿಟ್ಟ ಗ್ಯಾಸ್ ಸರಿಯಾಗಿ ಹಾಕಿದ್ದರೆ ಎಸಿಯ ಆಯುಷ್ಯ ಮುಗಿಯುವ ತನಕ ಅಷ್ಟೇ ಇರಬೇಕು. ಕಡಿಮೆ ಆಗಿದೆ ಅಂದರೆ ಎಲ್ಲೋ ಲೀಕ್ ಇದೆ. ಲೀಕ್ ಹುಡುಕದೆ ತುಂಬಿಸುವುದು ತೂತಿನ ಕೊಡಕ್ಕೆ ನೀರು ಹೊಯ್ದ ಹಾಗೆ.

ಆದರೆ ನಿಮ್ಮದು ಗ್ಯಾಸ್ ತೊಂದರೆಯೇ ಅಂತಲೂ ನಾನು ಈಗಲೇ ಹೇಳುವುದಿಲ್ಲ. ಗಾಳಿ ಸರಿಯಾಗಿ ಓಡಾಡದಿದ್ದರೂ ಇದೇ ಲಕ್ಷಣ ಬರುತ್ತದೆ. ಮೂರು ಸಲ ತುಂಬಿಸಿದರಲ್ಲ, ಒಂದು ಸಲವಾದರೂ ಥರ್ಮಾಮೀಟರ್ ಹಿಡಿದು ನೋಡಿದ್ದಾರಾ?

ಇಷ್ಟು ಮಾಡಿ. ಫಿಲ್ಟರ್ ತೆಗೆದು ತೊಳೆದು ಒಣಗಿಸಿ ಹಾಕಿ. ಕಿಟಕಿ ಬಾಗಿಲು ಮುಚ್ಚಿ. ರಿಮೋಟಿನಲ್ಲಿ 18 ಇಡಿ, ಫ್ಯಾನ್ ಪೂರ್ತಿ ಜೋರು. ಇಪ್ಪತ್ತು ನಿಮಿಷ ಬಿಡಿ. ನಿಮ್ಮದು ಇನ್ವರ್ಟರ್ ಆದ್ದರಿಂದ ಇದು ಮುಖ್ಯ. ಕೋಣೆ ಸಾಕಷ್ಟು ತಂಪಾಗಿದೆ ಅನ್ನಿಸಿದರೆ ಅದು ತಾನೇ ನಿಧಾನ ಮಾಡಿಕೊಳ್ಳುತ್ತದೆ, ಆಗ ಅಳತೆಗೆ ಅರ್ಥ ಇರುವುದಿಲ್ಲ. ಆಮೇಲೆ ಒಂದೇ ಥರ್ಮಾಮೀಟರಿನಲ್ಲಿ ಎರಡು ಕಡೆ ಅಳೆಯಿರಿ. ಯೂನಿಟ್ಟಿನ ಮೇಲ್ಭಾಗ, ಗಾಳಿ ಒಳಗೆ ಹೋಗುವ ಜಾಗ. ಕೆಳಗೆ, ಗಾಳಿ ಹೊರಗೆ ಬರುವ ಬಾಯಿ. ಎರಡರ ನಡುವೆ ಸಾಮಾನ್ಯವಾಗಿ 8ರಿಂದ 12 ಡಿಗ್ರಿ ಸೆಲ್ಸಿಯಸ್ ವ್ಯತ್ಯಾಸ ಇರಬೇಕು.

ಆಮೇಲೆ ಹೊರಗಿನ ಯೂನಿಟ್ ಹತ್ತಿರ ಹೋಗಿ. ಎರಡು ತಾಮ್ರದ ಪೈಪ್ ಬಂದು ಸೇರಿರುತ್ತವೆ, ಒಂದು ಸಣ್ಣದು, ಒಂದು ದಪ್ಪ. ಯಾವುದರ ಮೇಲೆ ನೀರು ಹನಿದಿದೆ, ಯಾವುದರ ಮೇಲೆ ಹಿಮ ಕೂತಿದೆ, ಯಾವುದು ಒಣಗಿದೆ ನೋಡಿ ಬರೆಯಿರಿ.

ಪಕ್ಕದ ಕೋಣೆ

ಅಣ್ಣ ಹೇಳಿದ್ದು ನೂರಕ್ಕೆ ನೂರು ನಿಜ. ನಮ್ಮ ಮನೆಯಲ್ಲಿ ಗ್ಯಾಸ್ ಸರಿಯಾಗಿಯೇ ಇತ್ತು, ತಪ್ಪಿದ್ದು ಗಾಳಿಯಲ್ಲಿ. ಫಿಲ್ಟರ್ ಪ್ರತಿ ತಿಂಗಳು ತೊಳೆಯುತ್ತಿದ್ದೆ. ಆದರೂ ಗಾಳಿ ಬರುತ್ತಿರಲಿಲ್ಲ. ಕೊನೆಗೆ ಟಾರ್ಚ್ ಹಿಡಿದು ಗಾಳಿ ಬರುವ ಬಾಯಿಯೊಳಗೆ ನೋಡಿದೆ. ಒಳಗೆ ಉದ್ದಕ್ಕೆ ಒಂದು ಉರುಳೆ ಇರುತ್ತದೆ, ಸಣ್ಣ ಸಣ್ಣ ಎಸಳು ಇರುವ ಬ್ಲೋವರ್. ಒಂದೊಂದು ಎಸಳಿನ ಒಳಬಾಗಿಗೂ ಬೂದು ಬಣ್ಣದ ಧೂಳು ಕಂಬಳಿಯ ಹಾಗೆ ಅಂಟಿಕೊಂಡಿತ್ತು. ಬೆರಳಲ್ಲಿ ಕೆರೆದರೆ ಪದರ ಪದರವಾಗಿ ಎದ್ದು ಬಂತು, ಒದ್ದೆ ಒದ್ದೆ, ಮುಗ್ಗಲು ವಾಸನೆ. ಎಸಳಿನ ಆ ಬಾಗೇ ಗಾಳಿಯನ್ನು ತಳ್ಳುವುದು. ಅದು ತುಂಬಿಹೋದರೆ ಉರುಳೆ ಸುಮ್ನೆ ತಿರುಗುತ್ತದೆ, ಗಾಳಿ ಬರುವುದಿಲ್ಲ.

ಕರೆಂಟ್ ತೆಗೆದು, ಯೂನಿಟ್ಟಿಗೆ ಪ್ಲಾಸ್ಟಿಕ್ ಚೀಲ ಕಟ್ಟಿ ತೊಳೆಸಿದೆ. ಬಕೆಟ್ಟಿಗೆ ಬಿದ್ದ ನೀರು ಕಪ್ಪಗಿತ್ತು. ಅವತ್ತು ಸಂಜೆ ಕೋಣೆಯ ಆ ತುದಿಯ ಪರದೆ ಅಲ್ಲಾಡಿತು. ಎರಡು ವರ್ಷದಿಂದ ಅಲ್ಲಾಡಿರಲಿಲ್ಲ.

ಮೇಲ್ಮಹಡಿ

ಹಳೇ ಮೆಕ್ಯಾನಿಕ್ ಸರ್, ನೀವು ಹೇಳಿದ ಹಾಗೇ ಮಾಡಿದೆ. ಮೇಲೆ ಒಳಗೆ ಹೋಗುವ ಗಾಳಿ 30. ಕೆಳಗೆ ಬರುವುದು 26. ಅಂದರೆ ವ್ಯತ್ಯಾಸ 4 ಡಿಗ್ರಿ ಮಾತ್ರ. ಬ್ಲೋವರ್ ಟಾರ್ಚ್ ಹಾಕಿ ನೋಡಿದೆ, ತೆಳ್ಳಗೆ ಧೂಳು ಇದೆ, ಪಕ್ಕದ ಕೋಣೆಯವರು ಹೇಳಿದಷ್ಟು ಇಲ್ಲ. ಗಾಳಿ ಜೋರಾಗಿಯೇ ಬರುತ್ತಿದೆ.

ಹೊರಗಡೆ ಸಣ್ಣ ಪೈಪಿನ ನಟ್ ಹತ್ತಿರ ಬಿಳಿ ಹಿಮ ಕೂತಿದೆ. ದಪ್ಪ ಪೈಪ್ ಪೂರ್ತಿ ಒಣಗಿದೆ. ಮುಟ್ಟಿದರೆ ತಂಪೇ ಇಲ್ಲ. ಒಳಗಿನ ಯೂನಿಟ್ಟಿನ ಮುಚ್ಚಳ ತೆಗೆದರೆ, ಗ್ಯಾಸ್ ಓಡಾಡುವ ಪೈಪಿನ ಸುರುಳಿ ಇದೆಯಲ್ಲ, ಆ ಕಾಯಿಲಿನ ಒಂದು ಮೂಲೆಯಲ್ಲಿ ಮಾತ್ರ ಮಂಜುಗಡ್ಡೆ ಇದೆ. ಉಳಿದದ್ದು ಒಣಗಿದೆ.

ಹಳೇ ಮೆಕ್ಯಾನಿಕ್

ಭೇಷ್. ಇಷ್ಟು ಚೆನ್ನಾಗಿ ನೋಡಿ ಬರೆದಿದ್ದಕ್ಕೆ ಅರ್ಧ ಕೆಲಸ ಮುಗಿಯಿತು. ಇದು ಗ್ಯಾಸ್ ಕಡಿಮೆಯದೇ ಗುರುತು.

ಯಾಕೆ ಅಂತ ಹೇಳುತ್ತೇನೆ, ತಿಳಿದುಕೊಂಡಿದ್ದರೆ ನಿಮ್ಮನ್ನು ಯಾರೂ ಯಾಮಾರಿಸಲು ಆಗುವುದಿಲ್ಲ. ಒಳಗಿನ ಕಾಯಿಲಿನಲ್ಲಿ ಗ್ಯಾಸ್ ದ್ರವವಾಗಿ ಬಂದು ಕುದಿಯುತ್ತದೆ. ಕುದಿಯಲು ಬಿಸಿ ಬೇಕು. ಆ ಬಿಸಿಯನ್ನು ಕೋಣೆಯ ಗಾಳಿಯಿಂದ ಎಳೆದುಕೊಳ್ಳುತ್ತದೆ. ನಿಮ್ಮ ಎಸಿ ನಾಲ್ಕು ವರ್ಷದ್ದು, ಬಹುಶಃ ಆರ್-32 ಗ್ಯಾಸ್ ಇರಬಹುದು, ಹೊರಗಿನ ಯೂನಿಟ್ಟಿನ ಪಟ್ಟಿಯಲ್ಲಿ ಬರೆದಿರುತ್ತದೆ, ನೋಡಿ. ಆರ್-32 ಬಯಲು ಗಾಳಿಯ ಒತ್ತಡದಲ್ಲಿ ಮೈನಸ್ 52 ಡಿಗ್ರಿ ಸುಮಾರಿಗೇ ಕುದಿಯುತ್ತದೆ. ಕಾಯಿಲಿನೊಳಗೆ ಒತ್ತಡ ಜಾಸ್ತಿ ಇಟ್ಟಿರುವುದರಿಂದ ಸೊನ್ನೆಗಿಂತ ಮೇಲೆ, ನಮಗೆ ಬೇಕಾದ ತಂಪಿನಲ್ಲಿ ಕುದಿಯುತ್ತದೆ.

ಗ್ಯಾಸ್ ಕಡಿಮೆಯಾದರೆ ಆ ಒತ್ತಡ ಬೀಳುತ್ತದೆ. ಕುದಿಯುವ ಬಿಂದು ಸೊನ್ನೆಗಿಂತ ಕೆಳಗೆ ಇಳಿಯುತ್ತದೆ. ಇರುವ ಸ್ವಲ್ಪ ದ್ರವ ಕಾಯಿಲಿನ ಮೊದಲ ಮೂಲೆಯಲ್ಲೇ ಕುದಿದು ಮುಗಿದುಹೋಗುತ್ತದೆ. ಆ ಮೂಲೆಯಲ್ಲಿ ಹಿಮ. ಉಳಿದ ಕಾಯಿಲಿಗೆ ಕೆಲಸವೇ ಇಲ್ಲ. ಅದಕ್ಕೇ ವಾಪಸ್ ಹೋಗುವ ದಪ್ಪ ಪೈಪ್ ಒಣಗಿದೆ.

ಗಾಳಿಯ ತೊಂದರೆ ಇದ್ದಿದ್ದರೆ ಹಿಮ ಇಡೀ ಕಾಯಿಲಿಗೆ ಹರಡಿ ದಪ್ಪ ಪೈಪಿನ ತನಕ ಬರುತ್ತಿತ್ತು. ಹಿಮ ಅಂದ ತಕ್ಷಣ ಗ್ಯಾಸ್ ಅನ್ನುವವರು ಈ ವ್ಯತ್ಯಾಸ ನೋಡುವುದೇ ಇಲ್ಲ. ಬಡಪಾಯಿ ಗಿರಾಕಿಗೆ ಫಿಲ್ಟರ್ ತೊಳೆದರೆ ಮುಗಿಯುವುದಕ್ಕೂ ಗ್ಯಾಸ್ ತುಂಬಿಸುತ್ತಾರೆ. ಆಗ ಗ್ಯಾಸ್ ಜಾಸ್ತಿಯಾಗಿ ಕಂಪ್ರೆಸರಿಗೇ ಕುತ್ತು.

ಈಗ ಎಸಿ ಆರಿಸಿ. ಬೇಕಾದರೆ ಬರೀ ಫ್ಯಾನ್ ಮೋಡಿನಲ್ಲಿ ಓಡಿಸಿ, ಹಿಮ ತಾನೇ ಕರಗಲಿ. ದಯವಿಟ್ಟು ಚಾಕು, ಸ್ಕ್ರೂ ಡ್ರೈವರ್ ಹಾಕಿ ಕೆರೆಯಬೇಡಿ. ಕಾಯಿಲಿನ ಪೈಪ್ ತುಂಬಾ ತೆಳು, ಒಂದು ಚುಚ್ಚು ಸಾಕು. ಗ್ಯಾಸ್ ಕಡಿಮೆ ಇರುವಾಗ ಓಡಿಸುತ್ತಲೇ ಇದ್ದರೆ ಕಂಪ್ರೆಸರ್ ಬಿಸಿಯಾಗುತ್ತದೆ. ಅದು ತನ್ನನ್ನು ತಂಪು ಮಾಡಿಕೊಳ್ಳುವುದು ವಾಪಸ್ ಬರುವ ತಂಪು ಗ್ಯಾಸಿನಿಂದಲೇ. ಅಮ್ಮನಿಗೆ ಎರಡು ದಿನ ಬೇರೆ ಕೋಣೆ ಮಾಡಲು ಆಗುತ್ತದಾ?

ಮೇಲ್ಮಹಡಿ

ಹೌದು ಸರ್, ಪಟ್ಟಿಯಲ್ಲಿ ಆರ್-32 ಅಂತಲೇ ಇದೆ. ಅಮ್ಮನನ್ನು ಕೆಳಗಿನ ಕೋಣೆಗೆ ಕರೆದುಕೊಂಡು ಬಂದೆ. ಇಲ್ಲಿ ಫ್ಯಾನಿನಲ್ಲೇ ಪರವಾಗಿಲ್ಲ.

ಲೀಕ್ ಎಲ್ಲಿದೆ ಅಂತ ನಾನೇ ನೋಡಬಹುದಾ?

ಹಳೇ ಮೆಕ್ಯಾನಿಕ್

ನೋಡಬಹುದು, ಬಿಚ್ಚಬಾರದು.

ಮೊದಲು ನಟ್‌ಗಳ ಹತ್ತಿರ ಟಾರ್ಚ್ ಹಿಡಿಯಿರಿ. ಹೊರಗೆ ಎರಡು, ಒಳಗಿನ ಯೂನಿಟ್ಟಿನ ಹಿಂದೆ ಪೈಪ್ ಸೇರುವ ಕಡೆ ಎರಡು. ಗ್ಯಾಸಿನ ಜೊತೆ ಕಂಪ್ರೆಸರಿನ ಎಣ್ಣೆಯೂ ಸ್ವಲ್ಪ ಸುತ್ತುತ್ತಿರುತ್ತದೆ. ಗ್ಯಾಸ್ ಸೋರುವ ಜಾಗದಲ್ಲಿ ಎಣ್ಣೆಯೂ ಜಿನುಗುತ್ತದೆ. ಗ್ಯಾಸ್ ಹಾರಿಹೋಗುತ್ತದೆ, ಎಣ್ಣೆ ಉಳಿಯುತ್ತದೆ. ಅದಕ್ಕೆ ಧೂಳು ಅಂಟಿ ಕಪ್ಪು ಕಲೆ ಆಗುತ್ತದೆ. ಬೆರಳಿಟ್ಟರೆ ಜಿಡ್ಡು.

ಅನುಮಾನ ಇರುವ ಕಡೆ ಸೋಪಿನ ನೊರೆ ಬ್ರಷ್ಷಿನಲ್ಲಿ ಹಚ್ಚಿ. ಕರೆಂಟ್ ತೆಗೆದಿರಬೇಕು, ವೈರ್ ಕಡೆ ನೀರು ಹೋಗಬಾರದು. ಎಸಿ ನಿಂತಿರುವಾಗ ಒಳಗಿನ ಒತ್ತಡ ಎರಡೂ ಕಡೆ ಸಮ ಆಗಿ, ದಪ್ಪ ಪೈಪಿನಲ್ಲಿ ಓಡುವಾಗಿನದಕ್ಕಿಂತ ಜಾಸ್ತಿ ಇರುತ್ತದೆ, ಹಾಗಾಗಿ ದಪ್ಪ ಪೈಪಿನ ನಟ್ ನೋಡಲು ಆಗಲೇ ಒಳ್ಳೆಯದು. ಐದು ನಿಮಿಷ ಕಣ್ಣು ತೆಗೆಯದೆ ನೋಡಿ. ದೊಡ್ಡ ಲೀಕ್ ಆದರೆ ಬುಸ್ ಅಂತ ನೊರೆ ಏಳುತ್ತದೆ. ಸಣ್ಣದಾದರೆ ಸಾಸಿವೆ ಕಾಳಿನಷ್ಟು ಗುಳ್ಳೆ ಒಂದೇ ಜಾಗದಲ್ಲಿ ಮೆಲ್ಲಗೆ ದಪ್ಪವಾಗುತ್ತಾ ಹೋಗುತ್ತದೆ. ತಿಂಗಳುಗಟ್ಟಲೆ ಸೋರುವ ಲೀಕ್ ಹೀಗೇ ಇರುವುದು.

ಗುಂಯ್ ಸದ್ದು

ಮಧ್ಯದಲ್ಲಿ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ನಮ್ಮದು ಹಳೆಯ ಮಾಮೂಲಿ ಎಸಿ, ಇನ್ವರ್ಟರ್ ಅಲ್ಲ. ಹೊರಗಿನ ಯೂನಿಟ್ ಗುಂಯ್ ಅನ್ನುತ್ತದೆ, ಕೆಲವು ಸೆಕೆಂಡಿಗೆ ಟಕ್ ಅಂತ ನಿಲ್ಲುತ್ತದೆ. ಮತ್ತೆ ಸ್ವಲ್ಪ ಹೊತ್ತು ಬಿಟ್ಟು ಅದೇ. ಕಂಪ್ರೆಸರ್ ಹೋಗಿದೆ, ಬದಲಾಯಿಸಬೇಕು ಅಂತ ಹೇಳಿದರು. ನಿಜವಾ?

ಹಳೇ ಮೆಕ್ಯಾನಿಕ್

ಇರಬಹುದು, ಆದರೆ ಮೊದಲು ಕೆಪಾಸಿಟರ್ ನೋಡಿಸಿ. ಮೋಟರ್ ತಿರುಗಲು ಶುರು ಮಾಡಲು ಬೇಕಾದ ನೂಕು ಕೊಡುವುದು ಅದೇ. ಅದು ಸೊರಗಿದರೆ ಕಂಪ್ರೆಸರ್ ಗುಂಯ್ ಅನ್ನುತ್ತದೆ, ತಿರುಗುವುದಿಲ್ಲ, ಕರೆಂಟ್ ಜಾಸ್ತಿ ಎಳೆಯುತ್ತದೆ, ಬಿಸಿಯಾಗಿ ಓವರ್‌ಲೋಡ್ ಸ್ವಿಚ್ ಬಿದ್ದು ನಿಲ್ಲುತ್ತದೆ. ನೀವು ಹೇಳಿದ ಹಾಗೇ. ಮೇಲ್ಭಾಗ ಉಬ್ಬಿದ್ದರೆ ಕೆಟ್ಟಿದೆ ಅಂತಲೇ ಲೆಕ್ಕ. ಉಬ್ಬದಿದ್ದರೂ ಮೀಟರಿನಲ್ಲಿ ಅಳೆಯಬೇಕು. ಮೈಮೇಲೆ 50 ಮೈಕ್ರೋಫ್ಯಾರಡ್ (ಕೆಪಾಸಿಟರಿನ ಅಳತೆ), ಜೊತೆಗೆ 5 ಶೇಕಡಾ ಹೆಚ್ಚುಕಡಿಮೆ ಅಂತ ಬರೆದಿದ್ದರೆ, 47.5ಕ್ಕಿಂತ ಕೆಳಗೆ ಬಂದದ್ದನ್ನು ಬದಲಾಯಿಸಬೇಕು.

ಇದನ್ನು ಓದಿ ಯಾರೂ ಮುಚ್ಚಳ ಬಿಚ್ಚಿ ಕೈ ಹಾಕಬೇಡಿ, ಕೈ ಮುಗಿದು ಕೇಳುತ್ತೇನೆ. ಸ್ವಿಚ್ ತೆಗೆದ ಮೇಲೂ ಕೆಪಾಸಿಟರಿನೊಳಗೆ ಕರೆಂಟ್ ಉಳಿದಿರುತ್ತದೆ. ಇನ್ವರ್ಟರ್ ಎಸಿಯ ಬೋರ್ಡಿನಲ್ಲಂತೂ 300 ವೋಲ್ಟಿಗಿಂತ ಜಾಸ್ತಿ ಡಿಸಿ ಕೂತಿರುತ್ತದೆ. ನನ್ನ ಜೊತೆ ಕೆಲಸ ಕಲಿಯುತ್ತಿದ್ದ ಹುಡುಗನಿಗೆ ಹೀಗೇ ಹೊಡೆದು ಏಣಿಯಿಂದ ಬಿದ್ದ. ಕಾಲು ಮುರಿಯಿತು, ಜೀವ ಉಳಿಯಿತು. ಅವತ್ತಿನಿಂದ ಮೀಟರ್ ಹಿಡಿದು ಸೊನ್ನೆ ನೋಡದೆ ನಾನು ಬೋರ್ಡ್ ಮುಟ್ಟಿಲ್ಲ.

ಗುಂಯ್ ಸದ್ದು

ನೋಡಿಸಿದೆ. 35 ಇರಬೇಕಾದದ್ದು 19 ತೋರಿಸಿತು. ಕೆಪಾಸಿಟರ್ ಹಾಕಿದ ತಕ್ಷಣ ಕಂಪ್ರೆಸರ್ ಓಡಿತು. ನಿಮಗೆ ಎಷ್ಟು ಧನ್ಯವಾದ ಹೇಳಿದರೂ ಸಾಲದು.

ಎರಡು ಟನ್

ನಾನು ಮೇಲೆ ಎರಡು ಟನ್ ತೆಗೆದುಕೊಳ್ಳಿ ಅಂದಿದ್ದೆ. ಇವರಿಗೆ ಲೀಕ್ ಇದೆ ಅಂತ ಈಗ ಒಪ್ಪುತ್ತೇನೆ. ಆದರೂ ದೊಡ್ಡದಿದ್ದರೆ ಬೇಗ ತಂಪಾಗುತ್ತದೆ, ಬೇಗ ನಿಲ್ಲುತ್ತದೆ, ಕರೆಂಟ್ ಉಳಿಯುತ್ತದೆ. ಇದರಲ್ಲಿ ತಪ್ಪೇನು?

ಲೆಕ್ಕದ ಪುಸ್ತಕ

ಇದಕ್ಕೆ ನಾನು ಉತ್ತರಿಸುತ್ತೇನೆ, ಕಟ್ಟಡಗಳ ಎಸಿ ವಿನ್ಯಾಸ ನನ್ನ ಕೆಲಸ.

ಟನ್ ಅಂದರೆ ಯಂತ್ರದ ತೂಕ ಅಲ್ಲ. ಹಿಂದೆ ಮಂಜುಗಡ್ಡೆ ಇಟ್ಟು ತಂಪು ಮಾಡುತ್ತಿದ್ದರು. 2,000 ಪೌಂಡ್, ಅಂದರೆ ಸುಮಾರು 907 ಕಿಲೋ ಮಂಜುಗಡ್ಡೆ 24 ಗಂಟೆಯಲ್ಲಿ ಕರಗುವಾಗ ಎಷ್ಟು ಬಿಸಿ ಹೀರುತ್ತದೋ ಅದೇ ಒಂದು ಟನ್. ಬಿಸಿಯ ಅಳತೆ ಬಿಟಿಯುನಲ್ಲಿ ಹೇಳುವುದಾದರೆ ಗಂಟೆಗೆ 12,000, ಸುಮಾರು 3.5 ಕಿಲೋವ್ಯಾಟ್.

ಆದರೆ ಎಸಿಗೆ ಎರಡು ಕೆಲಸ ಇದೆ. ಗಾಳಿಯ ಬಿಸಿ ತೆಗೆಯುವುದು ಒಂದು, ತೇವ ತೆಗೆಯುವುದು ಇನ್ನೊಂದು. ಅಮೆರಿಕದ ಎಂಜಿನಿಯರ್ ವಿಲ್ಲಿಸ್ ಕ್ಯಾರಿಯರ್ 1902ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್ನಿನ ಒಂದು ಮುದ್ರಣಾಲಯಕ್ಕೆ ತನ್ನ ಮೊದಲ ವ್ಯವಸ್ಥೆ ರೂಪಿಸಿದ್ದೇ ತೇವ ಹಿಡಿತದಲ್ಲಿಡಲು. ತೇವಕ್ಕೆ ಕಾಗದ ಹಿಗ್ಗಿ ಕುಗ್ಗಿ ಬಣ್ಣಗಳು ಸರಿಯಾಗಿ ಕೂರುತ್ತಿರಲಿಲ್ಲ.

ತೇವ ಹೋಗಬೇಕಾದರೆ ಕಾಯಿಲ್ ತುಂಬಾ ಹೊತ್ತು ತಂಪಾಗಿರಬೇಕು. ಹನಿ ಕಟ್ಟಿ, ಹರಿದು, ಡ್ರೈನ್ ಸೇರಲು ಸಮಯ ಬೇಕು. ಕೋಣೆಗಿಂತ ದೊಡ್ಡ ಎಸಿ ಹಾಕಿದರೆ ಐದು ನಿಮಿಷದಲ್ಲಿ ಗಾಳಿ ತಂಪಾಗಿ ಕಂಪ್ರೆಸರ್ ನಿಲ್ಲುತ್ತದೆ. ಕಾಯಿಲಿನ ಮೇಲಿನ ನೀರು ಡ್ರೈನ್ ಸೇರುವ ಮೊದಲೇ ಫ್ಯಾನ್ ಗಾಳಿಗೆ ಆರಿ ವಾಪಸ್ ಕೋಣೆಗೇ ಬರುತ್ತದೆ. 22 ಡಿಗ್ರಿ ಇದ್ದರೂ ಮೈ ಅಂಟಂಟು, ಹಾಸಿಗೆ ತಣ್ಣಗೆ ಒದ್ದೆ ಅನ್ನಿಸುತ್ತದೆ. ಮತ್ತೆ ಮತ್ತೆ ಶುರುವಾಗಿ ನಿಲ್ಲುವುದು ಕಂಪ್ರೆಸರಿಗೂ ಕೆಟ್ಟದ್ದು. ಇನ್ವರ್ಟರ್ ಆದರೆ ನಿಧಾನವಾಗಿ ಓಡಿ ಸ್ವಲ್ಪ ಸಂಭಾಳಿಸುತ್ತದೆ, ಆದರೆ ಅದಕ್ಕೂ ಇಷ್ಟಕ್ಕಿಂತ ಕೆಳಗೆ ಇಳಿಯಲಾರೆ ಅನ್ನುವ ಮಿತಿ ಇದೆ.

ಡ್ರೈನ್ ನೀರನ್ನು ಒಂದು ಬಕೆಟ್ಟಿನಲ್ಲಿ ಹಿಡಿದು ನೋಡಿ, ನನಗೆ ಅದು ಬಹಳ ಇಷ್ಟದ ಅಳತೆ. ಒಂದು ಲೀಟರ್ ನೀರು ಬಿತ್ತು ಅಂದರೆ, ಆ ಆವಿಯನ್ನು ನೀರು ಮಾಡಲು ಎಸಿ ಸುಮಾರು 0.68 ಕಿಲೋವ್ಯಾಟ್ ಗಂಟೆಯಷ್ಟು ಬಿಸಿ ಹೊರಗೆ ಸಾಗಿಸಿದೆ. ತೇವದ ದಿನ ಥರ್ಮಾಮೀಟರಿನ ವ್ಯತ್ಯಾಸ ಸ್ವಲ್ಪ ಕಡಿಮೆ ತೋರಿಸಿದರೆ ಗಾಬರಿಯಾಗಬೇಡಿ. ಉಳಿದ ಕೆಲಸ ಬಕೆಟ್ಟಿನಲ್ಲಿದೆ.

ಎರಡು ಟನ್

ನಮ್ಮ ಕೋಣೆಯಲ್ಲಿ ಬೆಡ್‌ಶೀಟ್ ಅಂಟಂಟು ಇರುವುದು ಇದಕ್ಕೇ ಇರಬೇಕು. ಮೂರು ವರ್ಷದಿಂದ ಬೆಡ್‌ಶೀಟ್ ಬದಲಾಯಿಸುತ್ತಿದ್ದೇನೆ. ಇನ್ನು ಮೇಲೆ ಡ್ರೈ ಮೋಡಿನಲ್ಲಿ ಓಡಿಸಿ ನೋಡುತ್ತೇನೆ.

ಹೀಟ್ ಪಂಪ್ ಹೊಸಬಳು

ನಾವಿರುವ ಕಡೆ ಚಳಿಗಾಲದಲ್ಲಿ ಹೊರಗೆ ಸೊನ್ನೆ ಡಿಗ್ರಿ ಬರುತ್ತದೆ. ಅದೇ ಸ್ಪ್ಲಿಟ್ ಯಂತ್ರವನ್ನು ಬಿಸಿಗೂ ಬಳಸುತ್ತೇವೆ. ನಿನ್ನೆ ರಾತ್ರಿ ಒಳಗಿನ ಫ್ಯಾನ್ ಇದ್ದಕ್ಕಿದ್ದಂತೆ ನಿಂತಿತು. ಹೊರಗೆ ನೋಡಿದರೆ ಯೂನಿಟ್ಟಿನಿಂದ ಬಿಳಿ ಹೊಗೆ. ಹೆದರಿ ಮೇನ್ ಸ್ವಿಚ್ಚೇ ತೆಗೆದೆ. ಮಗು ಚಳಿಯಲ್ಲೇ ಮಲಗಿತು. ಬೆಂಕಿ ಹತ್ತಿತ್ತಾ?

ಲೆಕ್ಕದ ಪುಸ್ತಕ

ಹೆದರಬೇಡಿ ಮೇಡಂ. ಸುಟ್ಟ ವಾಸನೆ ಇರಲಿಲ್ಲ ತಾನೇ? ಹಾಗಾದರೆ ಅದು ಹೊಗೆ ಅಲ್ಲ, ನೀರಿನ ಆವಿ.

ಬಿಸಿ ಮಾಡುವಾಗ ಯಂತ್ರ ತಿರುವುಮುರುವು ಓಡುತ್ತದೆ. ಹೊರಗಿನ ಚಳಿ ಗಾಳಿಯಿಂದಲೇ ಬಿಸಿ ಹೀರಿ ಒಳಗೆ ತರುತ್ತದೆ. ಸೊನ್ನೆ ಡಿಗ್ರಿ ಗಾಳಿಯಲ್ಲೂ ಬಿಸಿ ಇದೆ, ಅದಕ್ಕಿಂತ ತಣ್ಣಗಿನ ಕಾಯಿಲ್ ಇಟ್ಟರೆ ಸಾಕು. ಆಗ ಹೊರಗಿನ ಕಾಯಿಲ್ ಮೇಲೆ ಹಿಮ ಕಟ್ಟುತ್ತದೆ. ಅದನ್ನು ಕರಗಿಸಲು ಯಂತ್ರ ಆಗಾಗ ಕೆಲವು ನಿಮಿಷ ಎಸಿಯ ಹಾಗೆ ಓಡಿ ಬಿಸಿಯನ್ನು ಹೊರಗೆ ಕಳಿಸುತ್ತದೆ. ಒಳಗೆ ತಣ್ಣನೆ ಗಾಳಿ ಬೀಸಬಾರದು ಅಂತ ಒಳಗಿನ ಫ್ಯಾನ್ ನಿಲ್ಲಿಸುತ್ತದೆ. ಹಿಮ ಕರಗಿ ಆವಿ ಏಳುತ್ತದೆ. ಐದರಿಂದ ಹತ್ತು ನಿಮಿಷದಲ್ಲಿ ಮುಗಿಯುತ್ತದೆ, ಮತ್ತೆ ಬಿಸಿ ಗಾಳಿ ಶುರು. ಹಿಮ ಹೋಗದೆ ಇಡೀ ಯೂನಿಟ್ ಗಂಟೆಗಟ್ಟಲೆ ಗಡ್ಡೆ ಕಟ್ಟಿ ನಿಂತರೆ ಮಾತ್ರ ರಿಪೇರಿಯವರನ್ನು ಕರೆಯಿರಿ. ಹೊರಗಿನ ಯೂನಿಟ್ ಸುತ್ತ ಗಾಳಿಗೆ ಜಾಗ ಇರಲಿ, ಕರಗಿದ ನೀರು ಹರಿದುಹೋಗಲು ದಾರಿ ಇರಲಿ.

ಮಾಮೂಲಿ ಕಾಯಿಲ್ ಹೀಟರ್ ಒಂದು ಯೂನಿಟ್ ಕರೆಂಟಿಗೆ ಒಂದು ಯೂನಿಟ್ ಬಿಸಿ ಕೊಡುತ್ತದೆ, ಅದಕ್ಕಿಂತ ಜಾಸ್ತಿ ಸಾಧ್ಯವೇ ಇಲ್ಲ. ನಿಮ್ಮದರಂತೆ ಹೊರಗಿನ ಬಿಸಿಯನ್ನು ಒಳಗೆ ತರುವ ಹೀಟ್ ಪಂಪ್ ಹದವಾದ ಚಳಿಯಲ್ಲಿ ಸುಮಾರು ಮೂರು ಯೂನಿಟ್ ಬಿಸಿ ತರುತ್ತದೆ. ಹೆದರಿ ಅದನ್ನು ಮೂಲೆಗೆ ತಳ್ಳಬೇಡಿ.

ರೇಡಿಯೇಟರ್ ಮನೆ

ಬಿಸಿಯ ಮಾತು ಬಂತು, ನನ್ನದೂ ಕೇಳಿಬಿಡುತ್ತೇನೆ. ನೀರು ಕಾಯಿಸುವ ಬಾಯ್ಲರ್ ಮತ್ತು ಆ ಬಿಸಿ ನೀರು ಹರಿದು ಕೋಣೆ ಬೆಚ್ಚಗೆ ಮಾಡುವ ರೇಡಿಯೇಟರ್ ಇರುವ ಮನೆಗೆ ಬಾಡಿಗೆಗೆ ಬಂದಿದ್ದೇವೆ. ಒಂದು ರೇಡಿಯೇಟರ್ ಮೇಲರ್ಧ ತಣ್ಣಗೆ, ಇನ್ನೊಂದು ಕೆಳಗಿನ ಮಧ್ಯ ತಣ್ಣಗೆ. ಜೊತೆಗೆ ಬಾಯ್ಲರಿನ ಒತ್ತಡದ ಮುಳ್ಳು ಬಿಸಿಯಾದಾಗ 3ರ ಹತ್ತಿರ ಹೋಗುತ್ತದೆ, ಆರಿದಾಗ ಸೊನ್ನೆಗೆ ಬೀಳುತ್ತದೆ. ಎರಡು ದಿನದಿಂದ ಎಲ್ಲರಿಗೂ ತಲೆನೋವು ಬೇರೆ. ಚಳಿಗೆ ಇರಬೇಕು.

ಹಳೇ ಮೆಕ್ಯಾನಿಕ್

ರೇಡಿಯೇಟರ್ ಆಮೇಲೆ. ಮೊದಲು ಬಾಯ್ಲರ್ ಆರಿಸಿ, ಕಿಟಕಿ ಬಾಗಿಲು ತೆಗೆದು ಎಲ್ಲರೂ ಹೊರಗೆ ಬನ್ನಿ. ಈಗಲೇ.

ಮನೆಯವರಿಗೆಲ್ಲ ಒಟ್ಟಿಗೆ ತಲೆನೋವು ಅಂದರೆ ಅದು ಕಾರ್ಬನ್ ಮೊನಾಕ್ಸೈಡ್ ಇರಬಹುದು. ಗ್ಯಾಸ್, ಎಣ್ಣೆ, ಕಟ್ಟಿಗೆ, ಇದ್ದಿಲು ಯಾವುದೇ ಸರಿಯಾಗಿ ಉರಿಯದಿದ್ದರೆ, ಹೊಗೆ ಕೊಳವೆ ಕಟ್ಟಿದ್ದರೆ ಅದು ಬರುತ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ. ತಲೆನೋವು, ತಲೆಸುತ್ತು, ವಾಂತಿ ಬಂದ ಹಾಗೆ, ನಿದ್ದೆ. ಹೊರಗೆ ಹೋದರೆ ಸರಿ, ಒಳಗೆ ಬಂದರೆ ಮತ್ತೆ. ನಿದ್ದೆಯಲ್ಲಿರುವವರು ಏಳದೆಯೇ ಹೋಗಬಹುದು. ವೈದ್ಯರಿಗೆ ತೋರಿಸಿ, ಬಾಯ್ಲರ್ ಇದೆ ಅಂತ ಅವರಿಗೆ ಹೇಳಿ. ಪರವಾನಗಿ ಇರುವವರು ಬಂದು ನೋಡುವ ತನಕ ಬಾಯ್ಲರ್ ಹಚ್ಚಬೇಡಿ. ಹೊರಗೆ ಬಂದ ಮೇಲೆ ಇಲ್ಲಿ ಒಂದು ಮಾತು ಬರೆಯಿರಿ, ನಾನು ಕಾಯುತ್ತಿರುತ್ತೇನೆ.

ರೇಡಿಯೇಟರ್ ಮನೆ

ಸರ್, ಎಲ್ಲರೂ ಕ್ಷೇಮ. ಅವತ್ತೇ ಆಸ್ಪತ್ರೆಗೆ ಹೋದೆವು. ರಕ್ತ ಪರೀಕ್ಷೆಯಲ್ಲಿ ಸ್ವಲ್ಪ ಮಟ್ಟಿಗೆ ಕಂಡಿತು, ಆಮ್ಲಜನಕ ಕೊಟ್ಟು ಕಳಿಸಿದರು. ಹೊಗೆ ಕೊಳವೆಯ ಒಂದು ಜೋಡಣೆ ಕಳಚಿತ್ತು. ಮನೆ ಮಾಲೀಕರು ಸರಿ ಮಾಡಿಸಿದರು. ಈಗ ಮಲಗುವ ಕೋಣೆಗಳ ಹತ್ತಿರ ಮೊನಾಕ್ಸೈಡ್ ಅಲಾರಂ ಹಾಕಿದ್ದೇವೆ. ಇನ್ನೇನು ಬರೆಯಬೇಕು ತಿಳಿಯುತ್ತಿಲ್ಲ. ಮಕ್ಕಳು ಇಲ್ಲೇ ಪಕ್ಕದಲ್ಲಿ ಆಡುತ್ತಿದ್ದಾರೆ.

ಹಳೇ ಮೆಕ್ಯಾನಿಕ್

ದೇವರು ದೊಡ್ಡವನು. ಎರಡು ದಿನ ನನಗೂ ನಿದ್ದೆ ಬಂದಿರಲಿಲ್ಲ.

ಈಗ ರೇಡಿಯೇಟರ್. ಮೇಲರ್ಧ ತಣ್ಣಗಿದ್ದರೆ ಒಳಗೆ ಗಾಳಿ ಸಿಕ್ಕಿಕೊಂಡಿದೆ. ಆರಿದ ಮೇಲೆ ಮೇಲ್ತುದಿಯಲ್ಲಿ ಗಾಳಿ ಬಿಡುವ ಸಣ್ಣ ತಿರುಪು ಕಾಲು ಸುತ್ತು ತಿರುಗಿಸಿ, ಕೆಳಗೆ ಬಟ್ಟೆ ಹಿಡಿಯಿರಿ. ಸುಯ್ ಅಂತ ಗಾಳಿ ಹೋಗಿ ನೀರು ಚಿಮ್ಮಿದ ತಕ್ಷಣ ಮುಚ್ಚಿ. ಕೆಳಗಿನ ಮಧ್ಯ ತಣ್ಣಗಿದ್ದರೆ ಅಲ್ಲಿ ತುಕ್ಕಿನ ಕೆಸರು ಕೂತಿದೆ, ಅದಕ್ಕೆ ನೀರು ಬಿಟ್ಟು ತೊಳೆಸಬೇಕು. ಮುಳ್ಳು ಹಾಗೆ ಕುಣಿಯುವುದು ಹೆಚ್ಚಾಗಿ ಹಿಗ್ಗುವ ನೀರಿಗೆ ಜಾಗ ಕೊಡುವ ತೊಟ್ಟಿಯ ಗಾಳಿ ಹೋಗಿದ್ದಕ್ಕೆ. ಆರಿದಾಗ ಒತ್ತಡ 1ರಿಂದ 1.5 ಬಾರ್ ಇರಬೇಕು, 3ಕ್ಕೆ ಸುರಕ್ಷಾ ವಾಲ್ವ್ ತೆರೆದು ನೀರು ಹೊರಗೆ ಬಿಡುತ್ತದೆ. ಅದಕ್ಕೇ ಆರಿದ ಮೇಲೆ ಸೊನ್ನೆ. ಬರೀ ನೀರು ತುಂಬಿಸುತ್ತಾ ಇದ್ದರೆ ಹೊಸ ನೀರಿನ ಜೊತೆ ಆಮ್ಲಜನಕ ಬಂದು ತುಕ್ಕು ಜಾಸ್ತಿಯಾಗುತ್ತದೆ. ಇಲ್ಲೂ ಅದೇ ಗ್ಯಾಸ್ ತುಂಬಿಸುವ ಕಥೆ, ನೋಡಿ.

ಮೇಲ್ಮಹಡಿ

ಸಿಕ್ಕಿತು!

ಹೊರಗಿನ ಎರಡು ನಟ್ ಸ್ವಚ್ಛ ಇದ್ದವು. ಒಳಗಿನ ಯೂನಿಟ್ಟಿನ ಹಿಂದೆ ಪೈಪಿಗೆ ಸುತ್ತಿದ ಕಪ್ಪು ಫೋಮ್ ಬಿಡಿಸಿದೆ. ದಪ್ಪ ಪೈಪಿನ ನಟ್ ಮೇಲೆ ಜಿಡ್ಡು, ಧೂಳು ಅಂಟಿ ಕಪ್ಪಾಗಿತ್ತು. ನೊರೆ ಹಚ್ಚಿದೆ. ಮೊದಲು ಏನೂ ಇಲ್ಲ. ಮೂರು ನಿಮಿಷ ಆದ ಮೇಲೆ ನಟ್ಟಿನ ಅಂಚಿನಲ್ಲಿ ಒಂದು ಗುಳ್ಳೆ. ಒಡೆಯಿತು. ಅದೇ ಜಾಗದಲ್ಲಿ ಇನ್ನೊಂದು ಎದ್ದಿತು. ಅಮ್ಮನನ್ನೂ ಕರೆದು ತೋರಿಸಿದೆ.

ರಿಪೇರಿಗೆ ಬೇರೆಯವರನ್ನು ಕರೆಯುತ್ತೇನೆ. ಅವರಿಗೆ ಏನು ಹೇಳಬೇಕು?

ಹಳೇ ಮೆಕ್ಯಾನಿಕ್

ನಟ್ ಸುಮ್ನೆ ಬಿಗಿ ಮಾಡಿ ಹೋಗಲು ಬಿಡಬೇಡಿ. ಪೈಪಿನ ಬಾಯಿ ಅಗಲ ಮಾಡಿರುವ ಫ್ಲೇರ್ ಸೀಳಿದ್ದರೆ ಬಿಗಿ ಮಾಡಿದಷ್ಟೂ ಹರಿಯುತ್ತದೆ. ಉಳಿದ ಗ್ಯಾಸನ್ನು ಹೊರಗೆ ಬಿಡದೆ ಸಿಲಿಂಡರಿಗೆ ಎಳೆದುಕೊಳ್ಳಲಿ. ಆರ್-32 ಸ್ವಲ್ಪ ಮಟ್ಟಿಗೆ ಬೆಂಕಿ ಹತ್ತುವ ಗ್ಯಾಸ್, ಮೇಲಾಗಿ ವಾತಾವರಣವನ್ನು ಕಾರ್ಬನ್ ಡೈಆಕ್ಸೈಡಿಗಿಂತ ನೂರಾರು ಪಟ್ಟು ಬಿಸಿ ಮಾಡುತ್ತದೆ. ಫ್ಲೇರ್ ಕತ್ತರಿಸಿ ಹೊಸದಾಗಿ ಮಾಡಿ, ಬಿಗಿ ಎಷ್ಟು ಅಂತ ಅಳೆಯುವ ಟಾರ್ಕ್ ಸ್ಪ್ಯಾನರಿನಲ್ಲಿ ಬಿಗಿ ಮಾಡಲಿ.

ಆಮೇಲೆ ನೈಟ್ರೋಜನ್ ಒತ್ತಡ ಹಾಕಿ ಬಿಟ್ಟು ಮುಳ್ಳು ಇಳಿಯುತ್ತದಾ ನೋಡಬೇಕು. ನೈಟ್ರೋಜನ್ ಮಾತ್ರ. ಆಮ್ಲಜನಕ ಹಾಕಿದರೆ ಒಳಗಿನ ಎಣ್ಣೆಯ ಜೊತೆ ಸೇರಿ ಸಿಡಿಯುತ್ತದೆ, ಜನ ಸತ್ತಿದ್ದಾರೆ. ಆಮೇಲೆ ಪೈಪಿನೊಳಗಿನ ಗಾಳಿ, ತೇವ ಎಳೆದು ತೆಗೆಯುವ ವ್ಯಾಕ್ಯೂಮ್ ಪಂಪ್. ಗೇಜಿನ ಮುಳ್ಳು ಕೆಳಗೆ ಬಂತು ಅಂದರೆ ಸಾಲದು, ಒಳಗೆ ಉಳಿದ ತೀರಾ ಸಣ್ಣ ಒತ್ತಡವನ್ನೂ ಅಳೆಯುವ ಮೈಕ್ರಾನ್ ಗೇಜಿನಲ್ಲಿ 500ಕ್ಕಿಂತ ಕೆಳಗೆ ಹೋಗಿ, ಪಂಪ್ ನಿಲ್ಲಿಸಿದ ಮೇಲೂ ಏರದೆ ನಿಲ್ಲಬೇಕು. ಒಳಗೆ ತೇವ ಉಳಿದರೆ ಎಣ್ಣೆ ಕೆಡುತ್ತದೆ. ಕೊನೆಗೆ ಗ್ಯಾಸ್. ಒತ್ತಡ ನೋಡಿ ಅಂದಾಜಿನಲ್ಲಿ ಅಲ್ಲ, ಪಟ್ಟಿಯಲ್ಲಿ ಬರೆದಷ್ಟು, ತಕ್ಕಡಿಯಲ್ಲಿ ತೂಗಿ.

ಗೌರವದಿಂದಲೇ ಕೇಳಿ. ಒಳ್ಳೆಯ ಕೆಲಸಗಾರನಿಗೆ ಇದನ್ನು ಕೇಳಿದರೆ ಖುಷಿಯಾಗುತ್ತದೆ.

ಮೇಲ್ಮಹಡಿ

ಇವತ್ತು ಎಲ್ಲ ಮುಗಿಯಿತು. ಬಂದವರು ಚಿಕ್ಕ ವಯಸ್ಸಿನವರು. ತಕ್ಕಡಿ ತರುತ್ತೀರಾ ಅಂತ ಕೇಳಿದ್ದಕ್ಕೆ ಚೀಲ ತೆಗೆದು ತೋರಿಸಿ ನಕ್ಕರು. ಫ್ಲೇರ್ ಬಿಚ್ಚಿದಾಗ ಅಂಚಿನಲ್ಲಿ ಕೂದಲೆಳೆಯಷ್ಟು ಸೀಳು ಇತ್ತು. ಬೆಳಕಿಗೆ ಹಿಡಿದು ಓರೆ ಮಾಡಿದಾಗ ಮಾತ್ರ ಕಂಡಿತು. ಮೂರು ವರ್ಷ ನಮ್ಮನ್ನು ಆಡಿಸಿದ್ದು ಅದು. ಆ ತುಂಡನ್ನು ಕೇಳಿ ಇಟ್ಟುಕೊಂಡಿದ್ದೇನೆ.

ನೈಟ್ರೋಜನ್ ಹಾಕಿ ರಾತ್ರಿಯಿಡೀ ಬಿಟ್ಟರು. ಬೆಳಿಗ್ಗೆ ಮುಳ್ಳು ಅಲ್ಲೇ ಇತ್ತು. ಗ್ಯಾಸ್ ತೂಗಿ ಹಾಕಿದರು. ಡ್ರೈನ್ ಪೈಪ್ ಮಧ್ಯದಲ್ಲಿ ಜೋತುಬಿದ್ದು ನೀರು ನಿಂತಿತ್ತು, ಅದನ್ನೂ ಇಳಿಜಾರು ಮಾಡಿ ಕಟ್ಟಿದರು. ನೆಲ ಒದ್ದೆಯಾಗಲು ಹಿಮದ ಜೊತೆ ಅದೂ ಕಾರಣ ಅಂತೆ.

ಈಗ ಅಳೆದೆ. ಮೇಲೆ 29.5, ಕೆಳಗೆ 17.5. ದಪ್ಪ ಪೈಪ್ ಕೈಗೆ ತಣ್ಣಗೆ ಸಿಗುತ್ತದೆ, ಮೈತುಂಬ ಹನಿ. ಸಣ್ಣ ಪೈಪಿನ ಮೇಲೆ ಹಿಮ ಇಲ್ಲ. ಅಮ್ಮ ವಾಪಸ್ ಮೇಲೆ ಬಂದರು. ರಾತ್ರಿ ಎರಡು ಗಂಟೆಗೆ ನಾನೇ ಎದ್ದು ಹೋಗಿ ನೋಡಿದೆ. ಹೊದಿಕೆ ಕತ್ತಿನ ತನಕ ಎಳೆದುಕೊಂಡು ಮಲಗಿದ್ದರು. ರಿಮೋಟಿನಲ್ಲಿ ಎರಡು ಡಿಗ್ರಿ ಮೇಲೆ ಮಾಡಿ ಬಂದೆ.